ರೂಪಾಯಿಯ ಅಂಕಿಯೇ ಇಲ್ಲದ ಲಾಭದ ಲೆಕ್ಕಕ್ಕೆ ಉತ್ತರ ಸಿಗುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ರಾಜಾಜಿನಗರದ ನಿವಾಸಿ, ಬಿ.ಕಾಂ. ಪದವೀಧರ. ಹಗಲಿನಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತ, ಸಂಜೆ ವಿಜಯನಗರದಲ್ಲಿ ತರಬೇತಿಗೆ ಹೋಗುತ್ತಿದ್ದೇನೆ. ಬ್ಯಾಂಕ್ ಪರೀಕ್ಷೆ ಮತ್ತು ಎಂಬಿಎಯಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್ ಎರಡಕ್ಕೂ ಸಿದ್ಧತೆ ನಡೆದಿದೆ. ಲಾಭ-ನಷ್ಟದ ಸಾಮಾನ್ಯ ಲೆಕ್ಕಗಳು ನನಗೆ ತಪ್ಪುವುದಿಲ್ಲ. ಆದರೆ ಡೇಟಾ ಸಫಿಶಿಯೆನ್ಸಿ ಮಾದರಿಯಲ್ಲಿ, ಎಂದರೆ ಕೊಟ್ಟ ಹೇಳಿಕೆಗಳು ಉತ್ತರಕ್ಕೆ ಸಾಕೇ ಎಂದಷ್ಟೇ ಹೇಳಬೇಕಾದ ಮಾದರಿಯಲ್ಲಿ, ಅದೇ ಲೆಕ್ಕ ಬಂದರೆ ಎಡವುತ್ತೇನೆ. ಒಂದು ಉದಾಹರಣೆ ಹೀಗಿದೆ: "ಒಂದು ಸಂಸ್ಥೆಯ ವರಮಾನ ಈ ವರ್ಷ ಶೇಕಡ 20ರಷ್ಟು ಹೆಚ್ಚಿತು. ಅದರ ಲಾಭ ಶೇಕಡ ಎಷ್ಟು ಹೆಚ್ಚಿತು? ಹೇಳಿಕೆ 1: ವೆಚ್ಚ ಶೇಕಡ 10ರಷ್ಟು ಹೆಚ್ಚಿತು. ಹೇಳಿಕೆ 2: ಕಳೆದ ವರ್ಷ ವೆಚ್ಚವು ವರಮಾನದ ಶೇಕಡ 80ರಷ್ಟಿತ್ತು." ಎಲ್ಲಿಯೂ ರೂಪಾಯಿಯ ಅಂಕಿ ಇಲ್ಲದ ಕಾರಣ, ಎರಡೂ ಸೇರಿದರೂ ಸಾಲದು ಎಂದು ಗುರುತಿಸಿದೆ. ಕೀ ಉತ್ತರದಲ್ಲಿ ಎರಡೂ ಸೇರಿದರೆ ಸಾಕು ಎಂದಿದೆ. ಎರಡು ಚರಾಕ್ಷರಗಳಿದ್ದರೆ ಎರಡು ಸಮೀಕರಣ ಬೇಕೆಂಬ ನಿಯಮವೂ ಕೆಲವೊಮ್ಮೆ ಕೈಕೊಡುತ್ತದೆ. ಇದಲ್ಲದೆ ಒಂದೊಂದು ಲೆಕ್ಕಕ್ಕೂ ಬಹಳ ಹೊತ್ತು ಹಿಡಿಯುತ್ತದೆ. ಸರಿಯಾದ ಕ್ರಮ ಯಾವುದು?

ಉತ್ತರ: ನೀವು ಕಳುಹಿಸಿರುವ ಲೆಕ್ಕದಲ್ಲಿ ಕೀ ಉತ್ತರವೇ ಸರಿ. ಅದು ಏಕೆ ಸರಿ ಎಂಬುದನ್ನು ಬಿಡಿಸಿ ನೋಡಿದರೆ ನಿಮ್ಮ ಉಳಿದ ಎರಡು ಸಂದೇಹಗಳಿಗೂ ಅಲ್ಲಿಯೇ ದಾರಿ ಸಿಗುತ್ತದೆ. ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ಸಾಮಾನ್ಯ ಲೆಕ್ಕದಲ್ಲಿ ಬೇಕಾದುದನ್ನೆಲ್ಲ ಕೊಟ್ಟಿರುತ್ತಾರೆ, ಉತ್ತರವನ್ನು ಕಂಡುಹಿಡಿಯುವುದಷ್ಟೇ ನಮ್ಮ ಕೆಲಸ. ಇಲ್ಲಿ ಕೊಟ್ಟಿರುವುದು ಉತ್ತರಕ್ಕೆ ಸಾಕಾಗುತ್ತದೆಯೇ ಎಂದು ತೀರ್ಮಾನಿಸಬೇಕು. ಸಾಕೋ ಸಾಲದೋ ಎಂದು ಹೇಳಬೇಕಾದರೆ, ಎಷ್ಟು ಬೇಕು ಎಂಬುದು ಮೊದಲು ಗೊತ್ತಿರಬೇಕಲ್ಲವೇ? ಹೆಚ್ಚಿನ ವಿದ್ಯಾರ್ಥಿಗಳು ಈ ಮೊದಲ ಹೆಜ್ಜೆಯನ್ನು ಬಿಟ್ಟು ನೇರವಾಗಿ ಹೇಳಿಕೆ 1ಕ್ಕೆ ಹಾರುತ್ತಾರೆ, ಅದರಲ್ಲಿರುವ ಅಂಕಿಗಳನ್ನು ಹಿಡಿದು ಏನಾದರೂ ಹೊರಡುತ್ತದೆಯೇ ಎಂದು ನೋಡುತ್ತಾರೆ. ಹೊತ್ತು ಹಾಳಾಗುವುದೂ ಉತ್ತರ ತಪ್ಪುವುದೂ ಅಲ್ಲಿಯೇ. ಹೇಳಿಕೆಗಳನ್ನು ಕೈಯಿಂದ ಮುಚ್ಚಿಟ್ಟು, ಪ್ರಶ್ನೆಯನ್ನಷ್ಟೇ ಓದಿ, "ಇದಕ್ಕೆ ಉತ್ತರ ಹೇಳಲು ನನಗೆ ಏನು ತಿಳಿದಿರಬೇಕು?" ಎಂಬುದನ್ನು ರಫ್ ಹಾಳೆಯಲ್ಲಿ ಒಂದು ಸಾಲು ಬರೆದುಕೊಳ್ಳುವುದು ನಾನು ಹೇಳಬೇಕಾದ ಮುಖ್ಯ ಮಾತು.

ನಿಮ್ಮ ಲೆಕ್ಕದಲ್ಲಿ ಆ ಸಾಲು ಹೇಗಿರುತ್ತದೆ ನೋಡೋಣ. ಕಳೆದ ವರ್ಷದ ವರಮಾನದಲ್ಲಿ ವೆಚ್ಚವನ್ನು ಕಳೆದರೆ ಕಳೆದ ವರ್ಷದ ಲಾಭ. ಈ ವರ್ಷ ಲಾಭದಲ್ಲಿ ಆದ ಹೆಚ್ಚಳವೆಂದರೆ, ವರಮಾನಕ್ಕೆ ಕೂಡಿದ ಮೊತ್ತದಲ್ಲಿ ವೆಚ್ಚಕ್ಕೆ ಕೂಡಿದ ಮೊತ್ತವನ್ನು ಕಳೆದದ್ದು. ಈ ಹೆಚ್ಚಳವನ್ನು ಕಳೆದ ವರ್ಷದ ಲಾಭದಿಂದ ಭಾಗಿಸಿದರೆ ಕೇಳಿದ ಶೇಕಡಾವಾರು ಸಿಗುತ್ತದೆ. ಭಾಗಾಕಾರದ ಮೇಲೂ ರೂಪಾಯಿ, ಕೆಳಗೂ ರೂಪಾಯಿ, ಎರಡೂ ಹೊಡೆದುಹೋಗುತ್ತವೆ. ಹಾಗಾಗಿ ಸಂಸ್ಥೆಯ ವರಮಾನ ಒಂದು ಲಕ್ಷವೋ ನೂರು ಕೋಟಿಯೋ ಎಂಬುದು ಇಲ್ಲಿ ಬೇಕಾಗಿಯೇ ಇಲ್ಲ. ಬೇಕಾಗಿರುವುದು ಎರಡು ಸಂಗತಿ: ವೆಚ್ಚ ಶೇಕಡ ಎಷ್ಟು ಬದಲಾಯಿತು, ಮತ್ತು ಕಳೆದ ವರ್ಷ ವರಮಾನಕ್ಕೂ ವೆಚ್ಚಕ್ಕೂ ಇದ್ದ ಅನುಪಾತ ಎಷ್ಟು. ಈಗ ಮುಚ್ಚಿದ ಕೈ ತೆಗೆಯಿರಿ. ಹೇಳಿಕೆ 1 ಮೊದಲನೆಯದನ್ನು ಕೊಡುತ್ತದೆ, ಹೇಳಿಕೆ 2 ಎರಡನೆಯದನ್ನು ಕೊಡುತ್ತದೆ. ಕೂಡಿದರೆ ಸಾಕು. ಪರೀಕ್ಷೆಯಲ್ಲಿ ಇಲ್ಲಿಗೆ ನಿಲ್ಲಿಸಿ ಮುಂದಿನ ಪ್ರಶ್ನೆಗೆ ಹೋಗಬಹುದು. ಮನಸ್ಸಿಗೆ ಸಮಾಧಾನವಾಗಲೆಂದು ಈಗ ಮಾತ್ರ ಲೆಕ್ಕ ಮುಗಿಸೋಣ: ವರಮಾನ 100 ಎಂದರೆ ವೆಚ್ಚ 80, ಲಾಭ 20. ಈ ವರ್ಷ ವರಮಾನ 120, ವೆಚ್ಚ 88, ಲಾಭ 32. ಹೆಚ್ಚಳ ಶೇಕಡ 60.

ಹೇಳಿಕೆ 1 ಒಂದೇ ಸಾಲದು ಎಂಬುದನ್ನೂ ಬರೀ ಅನಿಸಿಕೆಗೆ ಬಿಡಬಾರದು. ವೆಚ್ಚ 80 ಆಗಿದ್ದಾಗ ಲಾಭ ಶೇಕಡ 60ರಷ್ಟು ಏರಿತು. ವೆಚ್ಚ 50 ಆಗಿದ್ದರೆ ಕಳೆದ ವರ್ಷದ ಲಾಭ 50. ಈ ವರ್ಷ 120ರಲ್ಲಿ 55 ಕಳೆದು 65. ಏರಿಕೆ ಶೇಕಡ 30 ಮಾತ್ರ. ಒಂದೇ ಹೇಳಿಕೆಗೆ ಒಪ್ಪುವ ಎರಡು ಸನ್ನಿವೇಶಗಳು ಎರಡು ಬೇರೆ ಉತ್ತರ ಕೊಟ್ಟವು, ಆದ್ದರಿಂದ ಸಾಲದು. "ಸಾಲದು" ಎಂಬುದಕ್ಕೆ ಇದೇ ಪುರಾವೆ, ಬೇರೆ ಪುರಾವೆ ಬೇಕಾಗುವುದಿಲ್ಲ.

ಈಗ ಹೇಳಿಕೆ 1ರಲ್ಲಿ ಒಂದು ಅಂಕಿಯನ್ನಷ್ಟೇ ಬದಲಿಸಿ, "ವೆಚ್ಚ ಶೇಕಡ 20ರಷ್ಟು ಹೆಚ್ಚಿತು" ಎಂದು ಓದಿ ನೋಡಿ. ವರಮಾನವೂ ಶೇಕಡ 20 ಏರಿದೆ, ವೆಚ್ಚವೂ ಶೇಕಡ 20 ಏರಿದೆ. ಹಾಗಿದ್ದರೆ ಅವೆರಡರ ವ್ಯತ್ಯಾಸವಾದ ಲಾಭವೂ ಶೇಕಡ 20 ಏರಲೇಬೇಕು, ಅನುಪಾತ ಎಷ್ಟೇ ಇರಲಿ. ಈಗ ಹೇಳಿಕೆ 1 ಒಂದೇ ಸಾಕು, ಹೇಳಿಕೆ 2 ಅನವಶ್ಯಕ. ಪ್ರಶ್ನೆಯ ಹೊರರೂಪ ಒಂದಿಷ್ಟೂ ಬದಲಾಗಲಿಲ್ಲ, ಉತ್ತರ ಬದಲಾಯಿತು. ಪ್ರಶ್ನೆ ರಚಿಸುವವರಿಗೆ ಇಂಥ ಬದಲಾವಣೆ ಬಹಳ ಇಷ್ಟ. ಹಿಂದೆ ನೋಡಿದ್ದ ಲೆಕ್ಕದ ನೆನಪಿನಿಂದ ಗುರುತು ಹಾಕುವವರು ಸಿಕ್ಕಿಬೀಳುವುದು ಇಲ್ಲಿಯೇ.

ಇದರಿಂದ ಒಂದು ವಿಂಗಡಣೆ ಹೊರಡುತ್ತದೆ. ವರಮಾನ, ವೆಚ್ಚ, ಲಾಭದ ಯಾವ ಪ್ರಶ್ನೆಯೇ ಬರಲಿ, ಅದು ಕೇಳುತ್ತಿರುವುದು ರೂಪಾಯಿಯನ್ನೋ ಅನುಪಾತವನ್ನೋ ಎಂದು ಮೊದಲು ಗುರುತಿಸಿಕೊಳ್ಳಿ. ಶೇಕಡ, ಪಟ್ಟು, ಭಾಗ ಎಂದು ಕೇಳಿದ್ದರೆ ಅನುಪಾತ ಸಿಕ್ಕರೆ ಸಾಕು. ರೂಪಾಯಿ ಕೇಳಿದ್ದರೆ ಅನುಪಾತಗಳು ಎಷ್ಟೇ ಇದ್ದರೂ ಸಾಲವು, ಎಲ್ಲಾದರೂ ಒಂದು ಕಡೆ ರೂಪಾಯಿಯ ಅಂಕಿ ಬರಲೇಬೇಕು. ಅನುಪಾತದ ಪ್ರಶ್ನೆಯಲ್ಲಿ ರೂಪಾಯಿ ಬಂದರೆ ಎರಡು ಸಾಧ್ಯತೆ: ಅದು ಬರೀ ಅಲಂಕಾರಕ್ಕೆ ಬಂದಿರಬಹುದು, ಇಲ್ಲವೇ ಬೇರೊಂದು ರೂಪಾಯಿಯ ಜೊತೆಗೂಡಿ ಅನುಪಾತವನ್ನು ಕೊಡಲು ಬಂದಿರಬಹುದು. ಅಂಗಡಿಯವರೊಬ್ಬರು ಕೊಂಡ ಬೆಲೆಯ ಮೇಲೆ ಶೇಕಡ 40 ಏರಿಸಿ ನಮೂದಿಸಿ, ಅದರಲ್ಲಿ ರಿಯಾಯಿತಿ ಕೊಟ್ಟು ಮಾರಿದರೆ ಲಾಭ ಶೇಕಡ ಎಷ್ಟು ಎಂದು ಕೇಳಿದ್ದಾರೆ ಎನ್ನೋಣ. ಹೇಳಿಕೆ 1ರಲ್ಲಿ ರಿಯಾಯಿತಿ ಶೇಕಡ 10 ಎಂದಿದ್ದರೆ ಅದೊಂದೇ ಸಾಕು. 140ರಲ್ಲಿ 14 ಹೋಗಿ 126, ಲಾಭ ಶೇಕಡ 26. ಹೇಳಿಕೆ 2ರಲ್ಲಿ ಬರುವ "ಕೊಂಡ ಬೆಲೆ 500 ರೂಪಾಯಿ" ಎಂಬುದು ಅಲಂಕಾರ. ಅದೇ ಹೇಳಿಕೆ 1ರಲ್ಲಿ ರಿಯಾಯಿತಿ 70 ರೂಪಾಯಿ ಎಂದಿದ್ದರೆ ಆ 500 ಇಲ್ಲದೆ ಹೆಜ್ಜೆ ಮುಂದಿಡಲಾಗದು.

ನೀವು ಹಗಲೆಲ್ಲ ಲೆಕ್ಕಪತ್ರ ನೋಡುವವರಾದ್ದರಿಂದ ಇನ್ನೊಂದು ಮಾತು. ಕಚೇರಿಯಲ್ಲಿ ಜಮಾ-ಖರ್ಚು ಕೊನೆಯ ಪೈಸೆಗೆ ತಾಳೆಯಾಗುವವರೆಗೆ ಬಿಡುವಂತಿಲ್ಲ, ಜಿಎಸ್‌ಟಿ, ಸವಕಳಿ, ಬಡ್ಡಿ ಎಲ್ಲವನ್ನೂ ನೋಡಬೇಕು. ಪರೀಕ್ಷೆಯ ಲೆಕ್ಕದಲ್ಲಿ ಇವು ಯಾವುವೂ ಇಲ್ಲ. ಪ್ರಶ್ನೆಯಲ್ಲಿ ಹೇಳದ ಹೊರತು ವರಮಾನದಲ್ಲಿ ವೆಚ್ಚ ಕಳೆದರೆ ಲಾಭ, ಅಷ್ಟೇ. ನಿಮ್ಮ ಓದು ಉಪಯೋಗಕ್ಕೆ ಬರುವುದು ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚದ ಲೆಕ್ಕಗಳಲ್ಲಿ, ಅಂದರೆ ಬಿ.ಕಾಂ.ನಲ್ಲಿ ನೀವು ಕಾಂಟ್ರಿಬ್ಯೂಷನ್ ಎಂದು ಕಲಿತದ್ದರಲ್ಲಿ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬಂದ ವ್ಯಾಪಾರಿಯೊಬ್ಬರು ಸೇರಿನ ಲೆಕ್ಕದಲ್ಲಿ ಕಡಲೆಕಾಯಿ ಕೊಂಡು, ಸೇರಿನ ಲೆಕ್ಕದಲ್ಲಿಯೇ ಮಾರುತ್ತಾರೆ. ಸಾಗಣೆ, ಜಾಗ, ದೀಪ ಇವುಗಳ ಖರ್ಚು ಎಷ್ಟೇ ಮಾರಿದರೂ ಒಂದೇ. ಹಾಕಿದ ಹಣ ಹುಟ್ಟಬೇಕಾದರೆ, ಎಂದರೆ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಬೇಕಾದರೆ, ಅವರು ಎಷ್ಟು ಸೇರು ಮಾರಬೇಕು? ಹೇಳಿಕೆಗಳನ್ನು ನೋಡುವ ಮುನ್ನ ಬೇಕಾದ ಸಾಲನ್ನು ಬರೆಯಿರಿ. ಪ್ರತಿ ಸೇರಿನಲ್ಲಿ ಮಾರಿದ ಬೆಲೆಗೂ ಕೊಂಡ ಬೆಲೆಗೂ ಇರುವ ಅಂತರವನ್ನು, ಎಂದರೆ ಆ ಕಾಂಟ್ರಿಬ್ಯೂಷನ್ನನ್ನೇ, ಉಳಿಕೆ ಎನ್ನೋಣ. ಸ್ಥಿರ ಖರ್ಚನ್ನು ಈ ಉಳಿಕೆಯಿಂದ ಭಾಗಿಸಿದರೆ ಉತ್ತರ. ಮಾರಿದ ಬೆಲೆ ಬೇರೆಯಾಗಿ ಬೇಡ, ಕೊಂಡ ಬೆಲೆ ಬೇರೆಯಾಗಿ ಬೇಡ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಸ್ಥಿರ ಖರ್ಚು ಮತ್ತು ಉಳಿಕೆ ಕೂಡ ಬೇರೆ ಬೇರೆಯಾಗಿ ಬೇಡ. ಒಂದು ಇನ್ನೊಂದರ ಎಷ್ಟು ಪಟ್ಟು ಎಂದು ತಿಳಿದರೆ ಮುಗಿಯಿತು.

ಈ ಸಾಲು ಕೈಯಲ್ಲಿದ್ದರೆ ಹೇಳಿಕೆಗಳು ಯಾವ ವೇಷದಲ್ಲಿ ಬಂದರೂ ಗುರುತು ಸಿಗುತ್ತದೆ. ಹೇಳಿಕೆ 1: ಕೊಂಡದ್ದಕ್ಕಿಂತ ಸೇರಿಗೆ 20 ರೂಪಾಯಿ ಹೆಚ್ಚಿಗೆ ಮಾರುತ್ತಾರೆ. ಹೇಳಿಕೆ 2: ಸ್ಥಿರ ಖರ್ಚು 3000 ರೂಪಾಯಿ. ಕೂಡಿದರೆ ಸಾಕು, ಒಂದೊಂದೇ ಸಾಲದು. ಉತ್ತರ 150 ಸೇರು. ಇದು ಸುಲಭ. ಈಗ ಹೇಳಿಕೆ 1 "100 ಸೇರು ಮಾರಿದರೆ 1000 ರೂಪಾಯಿ ನಷ್ಟ" ಎಂದೂ, ಹೇಳಿಕೆ 2 "250 ಸೇರು ಮಾರಿದರೆ 2000 ರೂಪಾಯಿ ಲಾಭ" ಎಂದೂ ಇರಲಿ. ಬೆಲೆ ಎಲ್ಲಿಯೂ ಇಲ್ಲ, ಸ್ಥಿರ ಖರ್ಚೂ ಇಲ್ಲ. ಆದರೂ 150 ಸೇರು ಹೆಚ್ಚು ಮಾರಿದಾಗ ಕೈಗೆ 3000 ರೂಪಾಯಿ ಹೆಚ್ಚು ಬಂದಿದೆ ಎಂದರೆ ಉಳಿಕೆ 20. 100 ಸೇರಿಗೆ 2000 ಉಳಿದೂ 1000 ನಷ್ಟ ಎಂದರೆ ಸ್ಥಿರ ಖರ್ಚು 3000. ಮತ್ತೆ ಅದೇ 150 ಸೇರು.

ನನಗೆ ಬಹಳ ಅಚ್ಚುಕಟ್ಟಾಗಿ ಕಾಣುವುದು ಮೂರನೆಯ ವೇಷ. "300 ಸೇರು ಮಾರಿದರೆ ಬರುವ ಲಾಭವು ಸ್ಥಿರ ಖರ್ಚಿಗೆ ಸಮ" ಎಂಬುದೊಂದೇ ಹೇಳಿಕೆ. ರೂಪಾಯಿಯ ಹೆಸರೂ ಇಲ್ಲ. ಸಾಲದು ಎಂದು ದಾಟಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ 300 ಸೇರಿನ ಒಟ್ಟು ಉಳಿಕೆಯಲ್ಲಿ ಮೊದಲು ಸ್ಥಿರ ಖರ್ಚು ಹೋಗಿ, ಆಮೇಲೆ ಅಷ್ಟೇ ಮೊತ್ತ ಲಾಭವಾಗಿ ಉಳಿಯಿತು. ಅಂದರೆ 300 ಸೇರಿನ ಉಳಿಕೆ ಸ್ಥಿರ ಖರ್ಚಿನ ಎರಡರಷ್ಟು, 150 ಸೇರಿನ ಉಳಿಕೆ ಸ್ಥಿರ ಖರ್ಚಿನಷ್ಟೇ. ಹೇಳಿಕೆ ಒಂದೇ ಸಾಕು. ಉಳಿಕೆ 20 ರೂಪಾಯಿಯೋ 2 ರೂಪಾಯಿಯೋ ನಮಗೆ ತಿಳಿಯಲೇ ಇಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಸಮೀಕರಣಗಳನ್ನು ಎಣಿಸುವ ನಿಯಮ ನಿಮಗೆ ಏಕೆ ಕೈಕೊಡುತ್ತದೆ ಎಂಬುದು ಇಲ್ಲಿಂದಲೇ ಅರ್ಥವಾಗುತ್ತದೆ. ಮೇಲಿನ ಲೆಕ್ಕದಲ್ಲಿ ತಿಳಿಯದ ಅಂಕಿಗಳು ಎರಡು, ಸಮೀಕರಣ ಒಂದೇ; ಆದರೂ ಸಾಕಾಯಿತು, ಏಕೆಂದರೆ ಕೇಳಿದ್ದು ಆ ಎರಡರ ಅನುಪಾತವನ್ನು. ಇದಕ್ಕೆ ತದ್ವಿರುದ್ಧವಾದ ಸನ್ನಿವೇಶವೂ ಉಂಟು. ಒಂದು ಸಂಸ್ಥೆಯ ಲಾಭ ಎಷ್ಟು ರೂಪಾಯಿ ಎಂದು ಕೇಳಿ, ಹೇಳಿಕೆ 1ರಲ್ಲಿ "ಲಾಭವು ವೆಚ್ಚದ ಶೇಕಡ 25" ಎಂದೂ, ಹೇಳಿಕೆ 2ರಲ್ಲಿ "ಲಾಭವು ವರಮಾನದ ಶೇಕಡ 20" ಎಂದೂ ಕೊಟ್ಟಿದ್ದಾರೆ ಎನ್ನೋಣ. ನೋಡಲು ಎರಡು ಸಮೀಕರಣ. ವೆಚ್ಚ 100 ಎಂದಿಟ್ಟು ನೋಡಿ: ಲಾಭ 25, ವರಮಾನ 125, 125ರಲ್ಲಿ 25 ಎಂದರೆ ಐದರಲ್ಲಿ ಒಂದು, ಅಂದರೆ ಶೇಕಡ 20. ಹೇಳಿಕೆ 1 ಹೇಳಿದ್ದನ್ನೇ ಹೇಳಿಕೆ 2 ಬೇರೆ ಬಟ್ಟೆ ತೊಟ್ಟು ಹೇಳಿದೆ. ಎರಡೂ ಸೇರಿದರೂ ಒಂದೇ ಮಾಹಿತಿ, ರೂಪಾಯಿ ಸಿಗುವುದಿಲ್ಲ, ಎರಡೂ ಸೇರಿದರೂ ಸಾಲದು. ವೆಚ್ಚದ ಮೇಲೆ ಶೇಕಡ 25 ಎಂದರೆ ವರಮಾನದ ಮೇಲೆ ಶೇಕಡ 20, ವೆಚ್ಚದ ಮೇಲೆ ಶೇಕಡ 50 ಎಂದರೆ ವರಮಾನದ ಮೂರನೇ ಒಂದು ಭಾಗ, ವೆಚ್ಚದ ಮೇಲೆ ಶೇಕಡ 100 ಎಂದರೆ ವರಮಾನದ ಅರ್ಧ: ಈ ಜೋಡಿಗಳು ಮಗ್ಗಿಯಂತೆ ಬಾಯಿಗೆ ಬರಬೇಕು. ಶೇಕಡಾವಾರು ಯಾವುದರ ಮೇಲೆ ಎಂಬುದನ್ನು ಪ್ರತಿ ಬಾರಿಯೂ ಅಡಿಗೆರೆ ಹಾಕಿ ಗುರುತಿಸಿಕೊಳ್ಳಿ.

ಒಂದು ಸಮೀಕರಣದಿಂದಲೇ ಎರಡು ಅಂಕಿಗಳೂ ಸಿಕ್ಕಿಬಿಡುವ ಸಂದರ್ಭ ಇನ್ನೊಂದಿದೆ: ಎಣಿಕೆ ಪೂರ್ಣ ಸಂಖ್ಯೆಯಲ್ಲೇ ಇರಬೇಕಾದಾಗ. ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ ಒಂದು ನೋಟ್‌ಬುಕ್ಕಿಗೆ 7 ರೂಪಾಯಿ, ಒಂದು ಪೆನ್ನಿನ ಪೊಟ್ಟಣಕ್ಕೆ 11 ರೂಪಾಯಿ ಲಾಭ. ಎಷ್ಟು ನೋಟ್‌ಬುಕ್ ಮಾರಿದರು? ಹೇಳಿಕೆ 1: ಒಟ್ಟು ಲಾಭ 58 ರೂಪಾಯಿ. ಹೇಳಿಕೆ 2: ಒಟ್ಟು ಮಾರಿದ್ದು 6. ಎರಡೂ ಸೇರಿದರೆ ಉತ್ತರ ಬರುವುದು ಕಣ್ಣಿಗೇ ಕಾಣುತ್ತದೆ, ಆದ್ದರಿಂದಲೇ ಅನುಮಾನ ಪಡಬೇಕು. ಅರ್ಧ ನೋಟ್‌ಬುಕ್ ಮಾರಲಾಗದು. 58ರಿಂದ 11, 22, 33, 44, 55 ಹೀಗೆ ಕಳೆಯುತ್ತ ಹೋಗಿ: 47, 36, 25, 14, 3. ಏನೂ ಕಳೆಯದ 58ನ್ನೂ ಸೇರಿಸಿಕೊಂಡು ನೋಡಿದರೂ 7ರಿಂದ ಭಾಗವಾಗುವುದು 14 ಒಂದೇ. ಹಾಗಾಗಿ ಪೆನ್ನಿನ ಪೊಟ್ಟಣ 4, ನೋಟ್‌ಬುಕ್ 2, ಬೇರೆ ದಾರಿಯಿಲ್ಲ. ಹೇಳಿಕೆ 1 ಒಂದೇ ಸಾಕು. ಹಾಗೆಂದು ಪೂರ್ಣ ಸಂಖ್ಯೆ ಕಂಡೊಡನೆ ಸಾಕೆಂದು ಬರೆಯುವುದೂ ತಪ್ಪು. ಒಟ್ಟು ಲಾಭ 95 ಆಗಿದ್ದರೆ 12 ನೋಟ್‌ಬುಕ್ ಮತ್ತು 1 ಪೊಟ್ಟಣವೂ ಒಪ್ಪುತ್ತದೆ, 1 ನೋಟ್‌ಬುಕ್ ಮತ್ತು 8 ಪೊಟ್ಟಣವೂ ಒಪ್ಪುತ್ತದೆ, ಆಗ ಸಾಲದು. ಒಂದು ಉತ್ತರ ಸಿಕ್ಕಮೇಲೆ 11 ನೋಟ್‌ಬುಕ್ ಕೊಟ್ಟು 7 ಪೊಟ್ಟಣ ಪಡೆಯಲು, ಇಲ್ಲವೇ 7 ಪೊಟ್ಟಣ ಕೊಟ್ಟು 11 ನೋಟ್‌ಬುಕ್ ಪಡೆಯಲು ಅವಕಾಶವಿದೆಯೇ ಎಂದಷ್ಟೇ ನೋಡಿದರೆ ಸಾಕು, ಮತ್ತೆ ಮೊದಲಿಂದ ಕಳೆಯಬೇಕಾಗಿಲ್ಲ.

ಇನ್ನು ಹೌದು-ಇಲ್ಲ ಎಂಬ ಪ್ರಶ್ನೆಗಳು. "ಲಾಭವು ವೆಚ್ಚದ ಶೇಕಡ 20ಕ್ಕಿಂತ ಹೆಚ್ಚೇ?" ಎಂದು ಕೇಳಿ, ವೆಚ್ಚವು ವರಮಾನದ ಶೇಕಡ 85 ಎಂದು ಹೇಳಿಕೆ ಕೊಟ್ಟರೆ, ಲಾಭ 15, ವೆಚ್ಚ 85, ಅದು ಶೇಕಡ 18ನ್ನೂ ಮುಟ್ಟುವುದಿಲ್ಲ, ಉತ್ತರ "ಇಲ್ಲ". ಇಲ್ಲ ಎಂದು ಖಚಿತವಾಗಿ ಹೇಳಲು ಬಂದರೆ ಹೇಳಿಕೆ ಸಾಕು ಎಂದೇ ಅರ್ಥ. ಚೆನ್ನಾಗಿ ಓದಿದವರು ಕೂಡ ಆತುರದಲ್ಲಿ ಈ "ಇಲ್ಲ"ವನ್ನು "ಸಾಲದು" ಎಂದು ಗುರುತಿಸಿಬಿಡುವುದನ್ನು ನೋಡಿದ್ದೇನೆ. ಹೆಚ್ಚು-ಕಡಿಮೆಯ ಹೇಳಿಕೆಗಳಲ್ಲಿ ದಿಕ್ಕನ್ನು ನೋಡಿಕೊಳ್ಳಿ: ವರಮಾನ 2 ಲಕ್ಷಕ್ಕಿಂತ ಹೆಚ್ಚು, ವೆಚ್ಚ 1.5 ಲಕ್ಷಕ್ಕಿಂತ ಕಡಿಮೆ ಎಂದರೆ ಲಾಭ 50 ಸಾವಿರಕ್ಕಿಂತ ಹೆಚ್ಚೆಂದು ಖಚಿತ. ಎರಡೂ "ಹೆಚ್ಚು" ಎಂದಿದ್ದರೆ ಏನನ್ನೂ ಹೇಳಲಾಗದು.

ಈ ಬಗೆಯಲ್ಲಿ ತುಸು ಗಟ್ಟಿಯಾದ ಲೆಕ್ಕವೊಂದನ್ನು ಪೂರ್ತಿ ಬಿಡಿಸುತ್ತೇನೆ, ಏಕೆಂದರೆ ಜಿಮ್ಯಾಟ್‌ನ ಮೇಲಿನ ಹಂತದ ಪ್ರಶ್ನೆಗಳು ಈ ಜಾಡಿನವು. ಮಲ್ಲೇಶ್ವರದ ಕುರುಕಲು ತಿಂಡಿಯ ಅಂಗಡಿಯವರು ಕೋಡುಬಳೆ ಪೊಟ್ಟಣದ ಬೆಲೆಯನ್ನು ಶೇಕಡ 10 ಏರಿಸಿದರು. ಮಾರಾಟವಾಗುವ ಪೊಟ್ಟಣಗಳ ಸಂಖ್ಯೆ ಶೇಕಡ 10 ಇಳಿಯಿತು. ಒಂದು ಪೊಟ್ಟಣಕ್ಕೆ ತಗಲುವ ವೆಚ್ಚ ಬದಲಾಗಲಿಲ್ಲ, ಬೇರೆ ಖರ್ಚಿಲ್ಲ. ಅವರ ಲಾಭ ಹೆಚ್ಚಿತೇ? ಹೇಳಿಕೆ 1: ಒಂದು ಪೊಟ್ಟಣದ ವೆಚ್ಚ ಹಳೆಯ ಬೆಲೆಯ ಅರ್ಧಕ್ಕಿಂತ ಹೆಚ್ಚು. ಹೇಳಿಕೆ 2: ಹಳೆಯ ಬೆಲೆಯಲ್ಲಿ ಪೊಟ್ಟಣಕ್ಕೆ 30 ರೂಪಾಯಿ ಲಾಭವಿತ್ತು. ವರಮಾನವನ್ನು ಮಾತ್ರ ನೋಡಿದರೆ 1.1ನ್ನು 0.9ರಿಂದ ಗುಣಿಸಿ 0.99, ಶೇಕಡ 1 ಇಳಿದಿದೆ. ವರಮಾನ ಇಳಿದರೆ ಲಾಭವೂ ಇಳಿಯಿತೆಂದು ತೀರ್ಮಾನಿಸಿದವರು ವೆಚ್ಚವನ್ನು ಮರೆತರು. ಪೊಟ್ಟಣಗಳು ಶೇಕಡ 10 ಕಡಿಮೆಯಾದಾಗ ಒಟ್ಟು ವೆಚ್ಚವೂ ಶೇಕಡ 10 ಇಳಿಯುತ್ತದೆ. ಕಳೆದುಕೊಂಡದ್ದು ಹಳೆಯ ವರಮಾನದ ಶೇಕಡ 1, ಉಳಿಸಿದ್ದು ಹಳೆಯ ವೆಚ್ಚದ ಶೇಕಡ 10. ಉಳಿಸಿದ್ದು ಕಳೆದುಕೊಂಡದ್ದಕ್ಕಿಂತ ಹೆಚ್ಚಾದರೆ ಲಾಭ ಹೆಚ್ಚಿತು; ಅಂದರೆ ಪೊಟ್ಟಣದ ವೆಚ್ಚ ಹಳೆಯ ಬೆಲೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚೇ ಎಂಬುದೇ ನಿಜವಾದ ಪ್ರಶ್ನೆ.

ಪ್ರಶ್ನೆಯನ್ನು ಹೀಗೆ ಇಳಿಸಿಕೊಂಡಮೇಲೆ ಹೇಳಿಕೆ 1 ತಾನಾಗಿಯೇ ಸಾಕಾಗುತ್ತದೆ: ಅರ್ಧಕ್ಕಿಂತ ಹೆಚ್ಚಾದದ್ದು ಹತ್ತನೇ ಒಂದಕ್ಕಿಂತ ಹೆಚ್ಚೇ. ಹೇಳಿಕೆ 2ನ್ನು ಎರಡು ಸನ್ನಿವೇಶಗಳಿಂದ ಪರೀಕ್ಷಿಸಿ. ಬೆಲೆ 100, ವೆಚ್ಚ 70 ಎಂದಿಟ್ಟು, ಮೊದಲು 100 ಪೊಟ್ಟಣ ಮಾರುತ್ತಿದ್ದರು ಎಂದುಕೊಂಡರೆ ಹಳೆಯ ಲಾಭ 3000, ಈಗ ಪೊಟ್ಟಣಕ್ಕೆ 40 ರೂಪಾಯಿಯಂತೆ 90 ಪೊಟ್ಟಣ, 3600, ಹೆಚ್ಚಿತು. ಬೆಲೆ 32, ವೆಚ್ಚ 2 ಎಂದರೆ ಹಳೆಯ ಲಾಭ ಅದೇ 3000. ಹೊಸ ಬೆಲೆ 35.20, ಪೊಟ್ಟಣಕ್ಕೆ ಉಳಿಯುವುದು 33.20, 90 ಪೊಟ್ಟಣಕ್ಕೆ 2988, ಇಳಿಯಿತು. ಹೇಳಿಕೆ 2 ಸಾಲದು. ಎರಡು ರೂಪಾಯಿಗೆ ಕೋಡುಬಳೆ ಯಾರು ಮಾಡಿಕೊಡುತ್ತಾರೆ ಎಂದು ನೀವು ಕೇಳಬಹುದು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ. ಹೇಳಿಕೆ ಅಡ್ಡಿಪಡಿಸದ ಯಾವ ಬೆಲೆಯನ್ನಾದರೂ ಇಡಬಹುದು, ಇಡಬೇಕು ಕೂಡ. ಪರೀಕ್ಷಿಸಲು ಆರಿಸುವ ಎರಡು ಸನ್ನಿವೇಶಗಳು ಒಂದೇ ಕಡೆಯವಾಗದೆ ಎರಡು ತುದಿಗಳಾಗಿರಲಿ: ವೆಚ್ಚ ಬಹಳ ಕಡಿಮೆ ಇರುವುದೊಂದು, ವೆಚ್ಚ ಬೆಲೆಗೆ ಹತ್ತಿರ ಇರುವುದೊಂದು. 100-70 ಮತ್ತು 110-80 ಎಂದು ಎರಡನ್ನೂ ಸಲೀಸಾದ ಅಂಕಿಗಳಿಂದ ಆರಿಸಿಕೊಂಡವರಿಗೆ ಎರಡು ಸಲವೂ "ಹೆಚ್ಚಿತು" ಎಂದೇ ಬಂದು, ಹೇಳಿಕೆ 2 ಕೂಡ ಸಾಕೆಂದು ತೋರುತ್ತದೆ.

ಹೇಳಿಕೆ 2ನ್ನು ಓದುವಾಗ ಹೇಳಿಕೆ 1ನ್ನು ಪೂರ್ತಿ ಮರೆತಿರಬೇಕು. ಕೇಳಲು ಸುಲಭ, ಪಾಲಿಸಲು ಕಷ್ಟ. ರಫ್ ಹಾಳೆಯಲ್ಲಿ ಎರಡಕ್ಕೂ ಬೇರೆ ಬೇರೆ ಅಂಕಣ ಮಾಡಿಕೊಂಡರೆ ಒಂದರ ಅಂಕಿ ಇನ್ನೊಂದಕ್ಕೆ ನುಸುಳುವುದಿಲ್ಲ. ಜಿಮ್ಯಾಟ್‌ನಲ್ಲಿ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿರುವುದಿಲ್ಲ. ಹೇಳಿಕೆ 1ರಿಂದ ಲಾಭ 400, ಹೇಳಿಕೆ 2ರಿಂದ 450 ಎಂದು ನಿಮಗೆ ಬಂದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ತಿಳಿದು ಹಿಂತಿರುಗಿ ನೋಡಿ.

ಈಗ ಸಮಯದ ವಿಚಾರ. 2023ರ ನವೆಂಬರ್‌ನಲ್ಲಿ ಬಂದ ಹೊಸ ಮಾದರಿಯ ಜಿಮ್ಯಾಟ್‌ನಲ್ಲಿ ಈ ಪ್ರಶ್ನೆಗಳು ಗಣಿತದ ವಿಭಾಗದಿಂದ ಡೇಟಾ ಇನ್‌ಸೈಟ್ಸ್ ವಿಭಾಗಕ್ಕೆ ಹೋಗಿವೆ. ಅಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ. ಸರಾಸರಿ ಎರಡೂಕಾಲು ನಿಮಿಷ. ಕೋಷ್ಟಕ, ನಕ್ಷೆ, ಹಲವು ಮೂಲಗಳ ಮಾಹಿತಿ ಕೊಟ್ಟು ಕೇಳುವ ಪ್ರಶ್ನೆಗಳೂ ಅದೇ ವಿಭಾಗದಲ್ಲಿದ್ದು, ಅವು ಓದಲು ಹೆಚ್ಚು ಹೊತ್ತು ಕೇಳುತ್ತವೆ. ಆದ್ದರಿಂದ ಈ ಬಗೆಯ ಪ್ರಶ್ನೆಯನ್ನು ಎರಡು ನಿಮಿಷದೊಳಗೆ ಮುಗಿಸುವ ಗುರಿ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ನಿಮಿಷ ಹೇಳಿಕೆಗಳನ್ನು ಓದುವ ಮುನ್ನವೇ ಕಳೆದರೂ ಚಿಂತೆಯಿಲ್ಲ, ಅದು ಮುಂದೆ ಉಳಿತಾಯವಾಗಿ ಬರುತ್ತದೆ. ಆ ವಿಭಾಗದಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೊಡುತ್ತಾರೆ. ಸಾಕೋ ಸಾಲದೋ ಎಂಬ ಪ್ರಶ್ನೆಗೆ ಅದು ಬೇಕೆನಿಸಿದರೆ, ಬಹುಮಟ್ಟಿಗೆ ನೀವು ಅಗತ್ಯಕ್ಕಿಂತ ಹೆಚ್ಚು ಲೆಕ್ಕ ಮಾಡುತ್ತಿದ್ದೀರಿ ಎಂದು ತಿಳಿಯಿರಿ.

ಉತ್ತರ ಪೂರ್ತಿ ಹೊಳೆಯದಿದ್ದಾಗಲೂ ಅರ್ಧ ತಿಳಿದದ್ದನ್ನು ಬಳಸಿಕೊಳ್ಳಬಹುದು. ಜಿಮ್ಯಾಟ್‌ನ ಐದು ಆಯ್ಕೆಗಳ ಕ್ರಮ ಎಂದೂ ಬದಲಾಗುವುದಿಲ್ಲ: ಮೊದಲನೆಯದು ಹೇಳಿಕೆ 1 ಮಾತ್ರ, ಎರಡನೆಯದು ಹೇಳಿಕೆ 2 ಮಾತ್ರ, ಮೂರನೆಯದು ಎರಡೂ ಸೇರಿದರೆ, ನಾಲ್ಕನೆಯದು ಯಾವುದೊಂದಾದರೂ ಸಾಕು, ಐದನೆಯದು ಎರಡೂ ಸೇರಿದರೂ ಸಾಲದು. ಹೇಳಿಕೆ 1 ಸಾಕೆಂದು ಖಚಿತವಾದರೆ ಮೊದಲನೆಯದು ಅಥವಾ ನಾಲ್ಕನೆಯದು. ಸಾಲದೆಂದು ಖಚಿತವಾದರೆ ಅವೆರಡೂ ಹೊರಗೆ. ಹೇಳಿಕೆ 2 ಸುಲಭವಾಗಿ ಕಂಡರೆ ಅದರಿಂದಲೇ ಆರಂಭಿಸಿ, ಯಾರೂ ತಡೆಯುವುದಿಲ್ಲ.

ಬ್ಯಾಂಕ್ ಪರೀಕ್ಷೆಗೆ ಇದೇ ಕ್ರಮವನ್ನು ಕಣ್ಣುಮುಚ್ಚಿ ಒಯ್ಯಬೇಡಿ. ಅಲ್ಲಿ ಆಯ್ಕೆಗಳ ಕ್ರಮ ಬೇರೆ ಇರುತ್ತದೆ, ಮೂರು ಹೇಳಿಕೆಗಳ ಪ್ರಶ್ನೆಗಳೂ ಬರುತ್ತವೆ, "ಯಾವುದೇ ಎರಡು ಸಾಕು" ಎಂಬಂಥ ಆಯ್ಕೆಯೂ ಇರುತ್ತದೆ; ಎರಡಕ್ಕೂ ಒಟ್ಟಿಗೆ ಓದುತ್ತಿರುವ ನಿಮಗೆ ಈ ಎಚ್ಚರ ಉಳಿದವರಿಗಿಂತ ಹೆಚ್ಚು ಬೇಕು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಡಿತವಾಗುವುದರಿಂದ, ವಿಭಾಗದ ಮೇಲಿರುವ ಸೂಚನೆಯನ್ನು ಪ್ರತಿ ಸಲವೂ ಓದಿ, ಮೊದಲು "ಎರಡೂ ಸೇರಿ" ಅಥವಾ "ಮೊದಲನೆಯದೊಂದೇ" ಎಂದು ಮಾತಿನಲ್ಲಿ ತೀರ್ಮಾನಿಸಿಕೊಂಡು, ಆಮೇಲೆ ಅದು ಯಾವ ಆಯ್ಕೆ ಎಂದು ಹುಡುಕಿ ಗುರುತು ಹಾಕಿ.

ಅಭ್ಯಾಸಕ್ಕೆ ಹೊಸ ಪುಸ್ತಕಗಳನ್ನು ಕೊಳ್ಳುವ ಅಗತ್ಯ ನಿಮಗಿದೆ ಎಂದು ನನಗನಿಸುವುದಿಲ್ಲ. ಈಗಾಗಲೇ ಬಿಡಿಸಿರುವ ಸಾಮಾನ್ಯ ಲಾಭ-ನಷ್ಟದ ಲೆಕ್ಕಗಳನ್ನೇ ತೆಗೆದುಕೊಳ್ಳಿ. ಕೊಟ್ಟಿರುವ ಅಂಕಿಗಳಲ್ಲಿ ಒಂದನ್ನು ಅಳಿಸಿ, ಉತ್ತರ ಇನ್ನೂ ಬರುತ್ತದೆಯೇ ನೋಡಿ. ಬರುವುದಾದರೆ ಆ ಅಂಕಿ ಏಕೆ ಬೇಕಿರಲಿಲ್ಲ ಎಂದು ಒಂದು ವಾಕ್ಯ ಬರೆಯಿರಿ. ಬಾರದಿದ್ದರೆ ಎರಡು ಬೇರೆ ಉತ್ತರ ಕೊಡುವ ಎರಡು ಸನ್ನಿವೇಶಗಳನ್ನು ಕಟ್ಟಿ ತೋರಿಸಿ. ಆಮೇಲೆ ಪ್ರಶ್ನೆಯನ್ನೇ ರೂಪಾಯಿಯಿಂದ ಶೇಕಡಕ್ಕೆ ಬದಲಿಸಿ ಮತ್ತೊಮ್ಮೆ ನೋಡಿ. ನೀವು ಕಳುಹಿಸಿದ ಲೆಕ್ಕವನ್ನೇ ಹೀಗೆ ತಿರುಗಿಸುವುದಾದರೆ, "ಲಾಭ ಎಷ್ಟು ರೂಪಾಯಿ ಹೆಚ್ಚಿತು?" ಎಂದು ಕೇಳಿ ಅದೇ ಎರಡು ಹೇಳಿಕೆಗಳನ್ನು ಇಡಿ. ಆಗ ನೀವು ಮೊದಲು ಗುರುತಿಸಿದ್ದ ಉತ್ತರವೇ ಸರಿಯಾಗುತ್ತದೆ: ಹೆಚ್ಚಳ ಹಳೆಯ ಲಾಭದ ಶೇಕಡ 60 ಎಂದು ತಿಳಿದರೂ ಹಳೆಯ ಲಾಭ ಎಷ್ಟೆಂದು ಯಾವ ಹೇಳಿಕೆಯೂ ಹೇಳುವುದಿಲ್ಲ. ಅದಕ್ಕೆ "ಕಳೆದ ವರ್ಷದ ವೆಚ್ಚ 40 ಲಕ್ಷ ರೂಪಾಯಿ" ಎಂಬ ಮೂರನೆಯ ಹೇಳಿಕೆಯೊಂದು ಸೇರಿದರೆ ವರಮಾನ 50 ಲಕ್ಷ, ಹಳೆಯ ಲಾಭ 10 ಲಕ್ಷ, ಹೆಚ್ಚಳ 6 ಲಕ್ಷ. ಮೂರು ಹೇಳಿಕೆಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ.